ಹೂವಿನ ಫೋಟೋ ಸಾಕ್ರಿ, ಗಡ್ಡಿ ತೋರಸ್ರಿ

ಮಿರಗದ ಮಳಿ ಒಂದೆರಡು ಛಲೋ ಬಿತ್ತಂದ್ರ ನಮ್ಮ ನರ್ಸರಿಗೆ ಹೊಸಾ ಮನಿ ಕಟ್ಟಿದ ಮಂದಿ ಬರಾಕ ಚಾಲೂ ಆಗ್ತಾರ, ಕೈಯಾಗ ಮೊಬೈಲು, ಮೊಬೈಲಿನಾಗ ಒಂದು ಕೆಂಪು ಹೂವಿನ ಫೋಟೋ, "ಅಣ್ಣಾರ, ಈ ಲಿಲ್ಲಿ ಐತೇನ್ರಿ? ಕಾಂಪೌಂಡ್ ಗುಂಟ ಹಚ್ಚಬೇಕ್ರಿ." ನಾ ಕೇಳ್ತೀನಿ, ಎಲಿ ಎಲ್ಲಿಂದ ಬಂದಿತ್ರಿ, ಬುಡದಿಂದೋ ದಂಟಿನ ಮ್ಯಾಲೋ? ಅದನ್ನ ಯಾರೂ ನೋಡಿರಂಗಿಲ್ಲ. ಬೆಳಗಾವಿಯೊಳಗ ಈ ಕೆಲಸ ಹಿಡದು 22 ವರ್ಷ ಆತು, ಪ್ರತಿ ಮಳಿಗಾಲ ಇದ ಮಾತು, ಪ್ರತಿ ಶ್ರಾವಣದಾಗ ಅವರದ ಫೋನು, "ಗಡ್ಡಿ ಕೊಳತಾವ್ರಿ."

ಲಿಲ್ಲಿ ಅನ್ನೂದು ಒಂದು ಗಿಡದ ಹೆಸರಲ್ಲ. ಬಜಾರದಾಗ ಬ್ಯಾರೆ ಬ್ಯಾರೆ ಹತ್ತು ಗಿಡಕ್ಕ ಅದ ಹೆಸರು ಇಟ್ಟಾರ. ಖರೇ ಲಿಲ್ಲಿ, ಅಮರಿಲ್ಲಿಸ್, ಡೇ ಲಿಲ್ಲಿ, ಈ ಮೂರಕ್ಕೂ ಆರು ಎಸಳು, ನಡುವ ಆರು ಕೇಸರ, ಫೋಟೋದಾಗ ನೋಡಿದ್ರ ಅಕ್ಕತಂಗೇರ ಹಂಗ ಕಾಣ್ತಾವ. ಮಣ್ಣು ಕೆದರಿ ನೋಡ್ರಿ, ಆಗ ತಿಳೀತೈತಿ. ಖರೇ ಲಿಲ್ಲಿ, ಅಂದ್ರ ಮದುವಿ ಸ್ಟೇಜಿಗೆ, ಬೊಕ್ಕೆಗೆ ಬರೋ ಏಷಿಯಾಟಿಕ್ಕು ಓರಿಯಂಟಲ್ಲು, ಅದರ ಗಡ್ಡಿ ಸಣ್ಣ ಸಣ್ಣ ಪಕಳಿ ಒಂದಕ್ಕೊಂದು ಅಂಟಿಸಿದಂಗ ಇರ್ತೈತಿ, ಮ್ಯಾಲೆ ಕಾಗದದಂಥ ಸಿಪ್ಪಿ ಇರಂಗಿಲ್ಲ, ಎಲಿ ದಂಟಿನುದ್ದಕ್ಕೂ ಬರ್ತಾವ. ಅಮರಿಲ್ಲಿಸ್ ಗಡ್ಡಿ ಥೇಟ್ ದೊಡ್ಡ ಉಳ್ಳಾಗಡ್ಡಿ, ಕಂದು ಸಿಪ್ಪಿ, ಎಲಿ ಎಲ್ಲಾ ಬುಡದಿಂದನ, ಹೂವಿನ ದಂಟಿಗೆ ಒಂದೂ ಎಲಿ ಇಲ್ಲ, ಒತ್ತಿ ನೋಡಿದ್ರ ದಂಟು ಪೊಳ್ಳು. ಡೇ ಲಿಲ್ಲಿಗೆ ಗಡ್ಡೀನ ಇಲ್ಲ, ದಪ್ಪನ್ನ ಬೇರು ಅಷ್ಟ, ಎಲಿ ಬೀಸಣಿಗಿ ಹಂಗ ಎರಡೂ ಕಡೆ ಹಾಸಿರ್ತಾವ, ಒಂದೊಂದು ಹೂವ ಒಂದ ದಿವಸ ಇರ್ತೈತಿ, ಮರುದಿನ ಇನ್ನೊಂದು ಅರಳ್ತೈತಿ.

ಉಳಿದವು ಗುರುತು ಹಿಡಿಯಾಕ ಅಷ್ಟು ಕಷ್ಟ ಇಲ್ಲ. ಬಿಳಿ ಹೂವು, ತೆಳ್ಳನ್ನ ಬೆರಳಿನಂಥ ಎಸಳು ಇದ್ರ ಸ್ಪೈಡರ್ ಲಿಲ್ಲಿ. ಮಳಿ ಬಿದ್ದ ನಾಕೈದು ದಿನಕ್ಕ ಹುಲ್ಲಿನಂಥ ಎಲಿ ನಡುವ ಗುಲಾಬಿನೋ ಬಿಳಿನೋ ಹೂವ ಎದ್ದ ನಿಂತ್ರ ರೇನ್ ಲಿಲ್ಲಿ. ಕೆಂಪು ಚೆಂಡಿನಂಗ ಇದ್ರ ಫುಟ್‌ಬಾಲ್ ಲಿಲ್ಲಿ, ಮೇ ಹೂವ ಅಂತಾರಲ್ಲ ಅದು. ಪೀಸ್ ಲಿಲ್ಲಿ ಕೆಸುವಿನ ಬಳಗ, ನೆರಳಿನ ಗಿಡ, ವಿಜಯಪುರದ ಏಪ್ರಿಲ್ ಬಿಸಿಲಿಗೆ ಇಟ್ರ ಎಲಿ ಸುಟ್ಟ ಹೋಗ್ತಾವ. ಕ್ಯಾನಾಕ್ಕೂ ಲಿಲ್ಲಿ ಅಂತಾರ, ಬಾಳಿ ಎಲಿ ಹಂಗ ಎಲಿ, ಬಚ್ಚಲ ನೀರು ಹೋಗೋ ಕಡೆ ಹಚ್ಚಿಬಿಡ್ರಿ, ಅದು ಎಲ್ಲಾ ತಡೀತೈತಿ.

ಈಗ ನಾ ಹೇಳಬೇಕಾದ್ದು, ಇದೊಂದು ಲಕ್ಷ್ಯ ಕೊಟ್ಟ ಓದ್ರಿ. ಮಂದಿ ಯೂಟ್ಯೂಬಿನಾಗ "ಲಿಲ್ಲಿ ಹಚ್ಚೂದು ಹೆಂಗ" ಅಂತ ನೋಡ್ತಾರ, ಅದ್ರಾಗ 6 ಇಂಚು ಆಳ ತಗ್ಗು ತೋಡ್ರಿ ಅಂತಾರ. ಆ ವಿಡಿಯೋ ಸುಳ್ಳಲ್ಲ. ಖರೇ ಲಿಲ್ಲಿಗೆ ಆ ಆಳ ಬೇಕು, ಯಾಕಂದ್ರ ಅದು ಗಡ್ಡಿ ಮ್ಯಾಲಿನ ದಂಟಿಗೂ ಬೇರು ಬಿಡ್ತೈತಿ. ಆದ್ರ ನೀವು ನನ್ನ ಕಡಿಂದ ಒಯ್ದದ್ದು ಅಮರಿಲ್ಲಿಸ್. ಅದರ ಕುತಿಗಿ, ಅಂದ್ರ ಗಡ್ಡಿ ತುದಿಗೆ ಎಲಿ ಹೊರಡೋ ಸಣ್ಣ ಜಾಗ, ಮಣ್ಣಿನ ಮ್ಯಾಲೆ ಇರಬೇಕು. ಕುತಿಗಿ ಅಷ್ಟ ಅಲ್ಲ, ಗಡ್ಡಿ ಮ್ಯಾಲಿನ ಮೂರನೇ ಒಂದು ಪಾಲು ಕಂಡ್ರೂ ನಡೀತೈತಿ. "ಹೊರಗ ಕಂಡ್ರ ಬಿಸಿಲಿಗೆ ಒಣಗೂದಿಲ್ಲೇನ್ರಿ" ಅಂತ ಕೇಳ್ತಾರ. ಒಣಗಂಗಿಲ್ಲ. ನಿಮ್ಮ ಹೊಲದಾಗ ಉಳ್ಳಾಗಡ್ಡಿ ಬಲಿತಂಗ ಅರ್ಧ ಮ್ಯಾಲೆ ಎದ್ದ ಕುಂದ್ರತೈತಲ್ಲ, ಅದರ ಮ್ಯಾಲೆ ಯಾರರ ಮಣ್ಣು ಏರಿಸ್ತಾರೇನ್ರಿ? ಇದೂ ಹಂಗ. ಕುತಿಗಿ ಹುಗದ್ರ ಎಲಿ ನಡುವ ನೀರು ಇಳಿತೈತಿ, ಎರಿ ಮಣ್ಣು ಆ ನೀರು ಬಿಡಂಗಿಲ್ಲ, ಗಾಳಿ ಆಡಂಗಿಲ್ಲ, ಒಳಗಿಂದ ಕೊಳಿತೈತಿ. ಡೇ ಲಿಲ್ಲಿದೂ ಎಲಿ ಬೇರು ಕೂಡೋ ಜಾಗದ ಮ್ಯಾಲೆ ಒಂದ ಇಂಚು ಮಣ್ಣು ಸಾಕು. ರೇನ್ ಲಿಲ್ಲಿ ಸಣ್ಣ ಗಡ್ಡಿಗೆ 2 ಇಂಚು.

ನಾಕು ವರ್ಷದ ಹಿಂದ ಬಾಗಲಕೋಟಿ ನವನಗರದಾಗ ರಿಟೈರ್ ಆದ ಅಕ್ಕೋರ ಒಬ್ರ ಮನಿಗೆ ಹೋಗಿದ್ದೆ, 12 ಅಮರಿಲ್ಲಿಸ್ ಒಯ್ದಿದ್ರು, ಒಂದೂ ಮ್ಯಾಲೆ ಬಂದಿರಲಿಲ್ಲ. ಸಲಿಕಿ ಹಾಕಿ ಒಂದು ತಗದೆ, ಸಿಪ್ಪಿ ಗಟ್ಟಿ ಇತ್ತು, ಹೆಬ್ಬಟ್ಟಿಂದ ಒತ್ತಿದ ಕೂಡ್ಲೇ ಒಳಗಿಂದ ಕೆಂಪಗ ಅಂಟಂಟ ನೀರು ಬಂತು, ಕೊಳತ ಉಳ್ಳಾಗಡ್ಡಿ ಚೀಲದ ವಾಸನಿ. ತುಳಸಿಕಟ್ಟಿ ಬಾಜೂಕ ಗೌಂಡಿ ಬಿಟ್ಟುಹೋದ ಉಸುಕಿನ ಗುಂಪಿ ಇತ್ತು, ಅದರ ಅಂಚಿನಾಗ ಹಚ್ಚಿದ ಮೂರು ಮಾತ್ರ ಬಿಳಿ ಬೇರು ಬಿಟ್ಟಕೊಂಡು ಗಟ್ಟಿ ಇದ್ವು. ಅಕ್ಕೋರ ಕಣ್ಣಾಗ ನೀರು ಬಂದಿತ್ತು. ಆಮ್ಯಾಲೆ ಹಿತ್ತಲಕ್ಕ ಕರಕೊಂಡ ಹೋಗಿ ಒಂದು ಹಳೇ ಪುಟ್ಟಿ ತೋರಿಸಿದ್ರು, ಅದ್ರಾಗ ಗುಲಾಬಿ ರೇನ್ ಲಿಲ್ಲಿ ಕಿಕ್ಕಿರಿದು ತುಂಬಿದ್ವು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನಿ ಬಿಟ್ಟು ಬರೋ ಮುಂದ ಅವರವ್ವ ಅಂಗಳದಿಂದ ಒಂದು ಹಿಡಿ ಗಡ್ಡಿ ಸೆರಗಿನಾಗ ಕಟ್ಟಿಕೊಂಡ ಬಂದಿದ್ರಂತ. ನನಗ ಅವತ್ತು ರೊಕ್ಕ ತಗೊಳ್ಳಾಕ ಮನಸ್ಸ ಆಗಲಿಲ್ಲ.

ಹೊಸಾ ಮನಿ ಅಂಗಳ ಅಂದ್ರ ಅದು ಮಣ್ಣಲ್ಲ. ಮ್ಯಾಲೆ ಅರ್ಧ ಫೂಟು ಗರಸು, ಕೆಳಗ ಇಟ್ಟಂಗಿ ಚೂರು, ಗೌಂಡಿ ತೊಳದ ಚೆಲ್ಲಿದ ಸಿಮೆಂಟ್ ನೀರು. ಮೊದಲ ನಮ್ಮ ಎರಿ ಮಣ್ಣಿನಾಗ ಸುಣ್ಣ ಹೆಚ್ಚು, ಅದಕ್ಕ ಸಿಮೆಂಟ್ ಕೂಡಿದ್ರ ಎಲಿ ಹಳದಿ ಆಗಿ ನರ ಅಷ್ಟ ಹಸರ ಉಳಿತಾವ, ಆಗ ಯೂರಿಯಾ ಸುರದ್ರ ಉಪಯೋಗ ಇಲ್ಲ. ಒಂದು ಫೂಟು ತಗ್ಗು ತೋಡಿ ನೀರು ತುಂಬ್ರಿ, ಇಂಗಿದ ಮ್ಯಾಲೆ ಇನ್ನೊಮ್ಮೆ ತುಂಬ್ರಿ, ಮುಂಜಾನಿ ಎದ್ದ ನೋಡಿದ್ರೂ ನೀರು ನಿಂತಿತ್ತಂದ್ರ ಅಲ್ಲಿ ಗಡ್ಡಿ ಹಚ್ಚಬ್ಯಾಡ್ರಿ, 8-10 ಇಂಚು ಎತ್ತರ ಮಡಿ ಕಟ್ರಿ, ಎರಡು ಪುಟ್ಟಿ ಮಣ್ಣಿಗೆ ಒಂದು ಪುಟ್ಟಿ ದಪ್ಪ ಉಸುಕು, ಒಂದು ಪುಟ್ಟಿ ಹಳೇ ತಿಪ್ಪಿ ಗೊಬ್ಬರ. ಹಸಿ ಗೊಬ್ಬರ ಬ್ಯಾಡ. ಇದು ಎರಿ ಭೂಮಿ ಲೆಕ್ಕ, ಖಾನಾಪುರ ಕಡೆ ಕೆಂಪು ಮಣ್ಣಿಗೆ ಉಸುಕು ಕಡಿಮಿ ಸಾಕಾಗಬಹುದು, ನಿಮ್ಮ ಜಾಗ ನೋಡಲಾರದ ನಾ ಖಾತ್ರಿ ಕೊಡಂಗಿಲ್ಲ. ಸಾಧ್ಯ ಆದ್ರ ಒಂದು ವರ್ಷ ಬಿಸಿಲು ಎಲ್ಲಿ ಬೀಳತೈತಿ ನೋಡಿ ಆಮ್ಯಾಲೆ ಹಚ್ರಿ, ಇವು ವರ್ಷಾನುಗಟ್ಟಲೆ ಅಲ್ಲೇ ಇರೋ ಗಿಡ. ಡೇ ಲಿಲ್ಲಿ ನಡುವ ಒಂದೂವರೆ ಫೂಟು ಬಿಡ್ರಿ, ಮೊದಲನೇ ವರ್ಷ ಬೋಳು ಕಾಣ್ತೈತಿ, ಕಾಣ್ಲಿ.

ಖರೇ ಲಿಲ್ಲಿ ಬೇಕ ಬೇಕು ಅನ್ನೋರಿಗೆ ನಾ ಮೊದಲ ಹೇಳಿ ಕೊಡ್ತೀನಿ, ಕೋಲ್ಡ್ ಸ್ಟೋರೇಜಿನಾಗ ಇಟ್ಟ ಗಡ್ಡಿ, ಈ ವರ್ಷ ಹೂವ ಬಿಡ್ತೈತಿ, ನಮ್ಮ ಕಡೆ ಅದಕ್ಕ ಬೇಕಾದ ಥಂಡಿ ಸಿಗಂಗಿಲ್ಲ, ಮುಂದಿನ ವರ್ಷ ಬಹುತೇಕ ಬರಂಗಿಲ್ಲ. ಇನ್ನೊಂದು, ಮನ್ಯಾಗ ಬೆಕ್ಕು ಇದ್ರ ಖರೇ ಲಿಲ್ಲಿನೂ ಬ್ಯಾಡ, ಡೇ ಲಿಲ್ಲಿನೂ ಬ್ಯಾಡ, ಎಲಿ ಕಡದ್ರೂ ಸಾಕು ಬೆಕ್ಕಿನ ಕಿಡ್ನಿ ಹೋಗ್ತೈತಿ, ತಿಂದದ್ದು ಕಂಡ್ರ ಆ ಹೊತ್ತಿಗೇ ಡಾಕ್ಟರ್ ಕಡೆ ಒಯ್ಯಬೇಕು. ಅಗ್ನಿಶಿಖಿಗೂ ಗ್ಲೋರಿ ಲಿಲ್ಲಿ ಅಂತಾರ, ಅದರ ಗಡ್ಡಿ ಮನಶಾರಿಗೇ ವಿಷ, ಸಣ್ಣ ಹುಡುಗುರು ಇರೋ ಮನಿಗೆ ನಾ ಮಾರಂಗಿಲ್ಲ.

ಅಕ್ಕೋರ ಮನ್ಯಾಗ ಆ ಮೂರು ಗಡ್ಡಿ ಎತ್ತರದ ಮಡಿಗೆ ಎಬ್ಬಿಸಿ ಹಚ್ಚಿ ಬಂದೆ, ಕುತಿಗಿ ಹೊರಗ ಬಿಟ್ಟು. ಮರುವರ್ಷ ಏಪ್ರಿಲ್ ತಿಂಗಳ ಫೋನ್ ಮಾಡಿದ್ರು, "ತಮ್ಮಾ, ಎರಡು ದಂಟು ಬಂದಾವೋ, ಒಂದೊಂದ್ರಾಗ ನಾಕ್ನಾಕು ಹೂವ. ಹೂವ ಮುಗದ ಮ್ಯಾಲೆ ಎಲಿ ಕತ್ತರಿಸಲೇನು?" ಬ್ಯಾಡ್ರಿ ಅಕ್ಕೋರ, ಬಾಡಿದ ದಂಟು ಅಷ್ಟ ತಗೀರಿ, ಹಸರ ಎಲಿ ಇದ್ರನ ಗಡ್ಡಿಗೆ ಊಟ, ಅವು ತಾವ ಹಳದಿ ಆಗೋತನಕ ಮುಟ್ಟಬ್ಯಾಡ್ರಿ ಅಂದೆ.