ಡ್ಯಾಶ್‌ಬೋರ್ಡ್‌ನಲ್ಲಿ 62 ಸಾವಿರ, ಪಾಸ್‌ಬುಕ್‌ನಲ್ಲಿ ಎಷ್ಟು?

ಚಾಮರಾಜಪೇಟೆಯ ನಮ್ಮ ಆಡಿಟರ್ ಆಫೀಸಿನ ಮೆಟ್ಟಿಲು ಹತ್ತಿ ಬರುವವರ ಕೈಯಲ್ಲಿ ಮೊದಲು ಫೈಲ್ ಇರುತ್ತಿತ್ತು. ಈಗ ಬಂದವರು ಕೂರುವುದಕ್ಕೂ ಮುಂಚೆ ಫೋನ್ ಚಾಚುತ್ತಾರೆ. ಕಳೆದ ನವೆಂಬರ್‌ನಲ್ಲಿ ಗಿರಿನಗರದ ಒಬ್ಬ ಹೆಂಗಸು ಹೀಗೇ ಬಂದರು. ಅಡುಗೆಮನೆ ಸಾಮಾನಿನ ಬಗ್ಗೆ ಕನ್ನಡದಲ್ಲಿ ವಿಡಿಯೋ ಮಾಡುತ್ತಾರೆ. ಯಾವ ಕಬ್ಬಿಣದ ಕಾವಲಿಗೆ ದೋಸೆ ಅಂಟಲ್ಲ, ಯಾವ ಮಿಕ್ಸಿ ಚಟ್ನಿಯನ್ನು ಬಿಸಿ ಮಾಡಲ್ಲ, ಇಂಥವು. ವಿಡಿಯೋ ಕೆಳಗೆ ಲಿಂಕ್ ಹಾಕುತ್ತಾರೆ. ಆ ಲಿಂಕ್ ಒತ್ತಿ ಯಾರಾದರೂ ಕೊಂಡರೆ ಇವರಿಗೆ ಕಮಿಷನ್.

"ನೋಡಿ ಮೇಡಂ, ಅಕ್ಟೋಬರ್ ಒಂದೇ ತಿಂಗಳಲ್ಲಿ 62 ಸಾವಿರ!"

"ಬ್ಯಾಂಕಿಗೆ ಎಷ್ಟು ಬಂತು?"

"ಇನ್ನೂ ಬಂದಿಲ್ಲ. ಬರುತ್ತಲ್ಲಾ."

ಆ 62 ಸಾವಿರವನ್ನು ನಂಬಿಕೊಂಡು ಅವರು ಆಗಲೇ ಹೊಸ ಕ್ಯಾಮೆರಾಗೆ ಇಎಂಐ ಹಾಕಿಸಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ.

ಹೀಗೆ ಲಿಂಕ್ ಹಾಕಿ ಕಮಿಷನ್ ಪಡೆಯುವುದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಅಂತಾರೆ. ದೊಡ್ಡ ವಿದ್ಯೆ ಏನಲ್ಲ. ನಮ್ಮ ಬೆಂಗಳೂರಿನ ಮನೆ ಬ್ರೋಕರ್ ಮಾಡುವ ಕೆಲಸವೇ. ಬಾಡಿಗೆದಾರರನ್ನು ಮನೆ ಬಾಗಿಲವರೆಗೆ ಕರೆದುಕೊಂಡು ಹೋಗುತ್ತಾನೆ, ಒಂದು ತಿಂಗಳ ಬಾಡಿಗೆ ಕೇಳುತ್ತಾನೆ. ವ್ಯತ್ಯಾಸ ಇಷ್ಟೇ. ಬಾಡಿಗೆದಾರ ಹತ್ತೇ ದಿನಕ್ಕೆ ಮನೆ ಖಾಲಿ ಮಾಡಿದರೂ ಮನೆ ಬ್ರೋಕರ್ ದುಡ್ಡು ವಾಪಸ್ ಕೊಡಲ್ಲ. ಆನ್‌ಲೈನ್‌ನಲ್ಲಿ ಗಿರಾಕಿ ಸಾಮಾನು ವಾಪಸ್ ಕಳಿಸಿದರೆ ಕಮಿಷನ್ ಕೂಡ ಹಿಂದೆಯೇ ಹೋಗುತ್ತದೆ.

ಹಬ್ಬದ ಸೇಲ್‌ನಲ್ಲಿ ಜನ ಮೂರು ಮಿಕ್ಸಿ ತರಿಸಿ ಎರಡನ್ನು ವಾಪಸ್ ಕಳಿಸುತ್ತಾರೆ. ಡ್ಯಾಶ್‌ಬೋರ್ಡ್, ಅಂದರೆ ಫೋನ್‌ನಲ್ಲಿ ಕಮಿಷನ್ ಲೆಕ್ಕ ತೋರಿಸುವ ಪುಟ, ಮೊದಲು ತೋರಿಸುವುದು ಆರ್ಡರ್ ಆದದ್ದರ ಅಂದಾಜು. ವಾಪಸ್ ಕಳಿಸುವ ಅವಧಿ ಮುಗಿದ ಮೇಲಷ್ಟೇ ಲೆಕ್ಕ ಗಟ್ಟಿ. ಅಮೆಜಾನ್‌ನಲ್ಲಾದರೆ ತಿಂಗಳು ಮುಗಿದು ಸುಮಾರು 60 ದಿನಕ್ಕೆ ಹಣ ಬರುತ್ತದೆ. ಇವರ ಅಕ್ಟೋಬರ್ 62 ಸಾವಿರದಲ್ಲಿ 14 ಸಾವಿರ ರದ್ದು ಮತ್ತು ರಿಟರ್ನ್‌ಗೆ ಹೋಯಿತು. ಉಳಿದ 48 ಸಾವಿರಕ್ಕೆ ಶೇ. 2ರಂತೆ 960 ರೂಪಾಯಿ ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡಿದರು. ಡಿಸೆಂಬರ್ ಕೊನೆಗೆ ಬ್ಯಾಂಕಿಗೆ ಬಂದದ್ದು 47,040.

ಇನ್ನೊಂದು ಸೋರಿಕೆ ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವುದೇ ಇಲ್ಲ. ಅಮೆಜಾನ್ ಲಿಂಕ್ ಒತ್ತಿದರೆ ಅದರ ಗುರುತು 24 ಗಂಟೆ ಇರುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕೂತು ಲಿಂಕ್ ಒತ್ತಿದವರು ಮನೆಗೆ ಹೋಗಿ, ಯಜಮಾನರನ್ನು ಕೇಳಿ, ನಾಡಿದ್ದು ಕೊಂಡರೆ ನಿಮಗೆ ಸೊನ್ನೆ. ಜೊತೆಗೆ ಈ ವ್ಯಾಪಾರದಲ್ಲಿ ಸಾಮಾನ್ಯವಾಗಿ ಕೊನೆಯ ಕ್ಲಿಕ್ ಯಾರದೋ ಅವರಿಗೇ ಕಮಿಷನ್. ನೀವು ಹತ್ತು ನಿಮಿಷ ಗಂಟಲು ಹರಿದುಕೊಂಡು ವಿವರಿಸಿರುತ್ತೀರಿ. ಕೊನೆ ಗಳಿಗೆಯಲ್ಲಿ ಗಿರಾಕಿ ಕೂಪನ್ ಹುಡುಕುತ್ತಾನೆ, ಕಮಿಷನ್ ಕೂಪನ್‌ನವರ ಪಾಲು. ಪೇಪಾಲ್ ಒಡೆತನದ ಹನಿ ಎಂಬ, ಬ್ರೌಸರ್‌ಗೆ ಸೇರಿಸಿಕೊಳ್ಳುವ ಕೂಪನ್ ಎಕ್ಸ್‌ಟೆನ್ಷನ್ ಮೇಲೆ 2024ರ ಡಿಸೆಂಬರ್‌ನಲ್ಲಿ ಎದ್ದ ಆರೋಪವೂ ಇದೇ: ಕೂಪನ್ ಸಿಗದಿದ್ದಾಗಲೂ ಬೇರೆಯವರ ಕಮಿಷನ್ ಅದಕ್ಕೆ ಹೋಗುತ್ತದೆ ಎಂದು. 2025ರ ಮಾರ್ಚ್‌ನಲ್ಲಿ ಗೂಗಲ್ ಕ್ರೋಮ್ ಎಕ್ಸ್‌ಟೆನ್ಷನ್‌ಗಳ ನಿಯಮವನ್ನೇ ಬಿಗಿ ಮಾಡಿತು.

ಕಮಿಷನ್ ದರ ಕೂಡ ನಿಮ್ಮ ಕೈಯಲ್ಲಿಲ್ಲ. 2020ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಮೆಜಾನ್ ಪೀಠೋಪಕರಣ ಮತ್ತು ಮನೆ ರಿಪೇರಿ ಸಾಮಾನಿನ ದರವನ್ನು ಶೇ. 8ರಿಂದ ಒಂದೇ ಸಲ ಶೇ. 3ಕ್ಕೆ ಇಳಿಸಿತು. ಅದನ್ನೇ ನಂಬಿ ಆಫೀಸ್ ತೆರೆದವರು ಏನು ಮಾಡಬೇಕು? ಕರಾರಿನಲ್ಲಿ ದರ ಬದಲಿಸುವ ಹಕ್ಕು ಕಂಪನಿಯದ್ದು. ನಾವು ಓದದೆ ಒಪ್ಪಿಗೆ ಒತ್ತಿರುತ್ತೇವೆ.

ಸರಿ, ತೆರಿಗೆಗೆ ಬರೋಣ. ನನ್ನ ಹೊಟ್ಟೆಪಾಡು ಅದೇ. ಈ ಸಲ ಸಲ್ಲಿಸುವ ರಿಟರ್ನ್ 2025-26ರದ್ದು, ಹಾಗಾಗಿ ಇಲ್ಲಿ ಹೇಳುವ ಸೆಕ್ಷನ್ ನಂಬರ್‌ಗಳು ಹಳೆಯ 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ, ಹೊಸ ನಂಬರ್. ನಾವು ಆಡಿಟರ್‌ಗಳೂ ಮತ್ತೆ ಮಗ್ಗಿ ಕಲಿಯುತ್ತಿದ್ದೇವೆ.

ಅಫಿಲಿಯೇಟ್ ಹಣಕ್ಕೆ ಹಿಡಿಯುವ ಟಿಡಿಎಸ್ 194ಎಚ್, ಅಂದರೆ ಕಮಿಷನ್ ಸೆಕ್ಷನ್. 2024ರ ಅಕ್ಟೋಬರ್ 1ರಿಂದ ದರ ಶೇ. 5ರಿಂದ ಶೇ. 2ಕ್ಕೆ ಇಳಿದಿದೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 20 ಸಾವಿರ ದಾಟಿದರೆ ಮಾತ್ರ ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇ. 20 ಹೋಗುತ್ತದೆ. ಇಲ್ಲಿ ಮುಖ್ಯವಾದದ್ದು ದರ ಅಲ್ಲ, ಕಮಿಷನ್ ಎಂಬ ಆ ಒಂದು ಪದ. ನನ್ನ ಹತ್ತಿರ ಬರುವ ಹತ್ತು ಜನರಲ್ಲಿ ಅರ್ಧಕ್ಕರ್ಧ ಜನ ಎಡವಿರುವುದು ಅಲ್ಲೇ.

ಸಣ್ಣ ವ್ಯಾಪಾರಿಗಳಿಗೆ 44ಎಡಿ ಎಂಬ ಸುಲಭ ದಾರಿ ಇದೆ. ಲೆಕ್ಕಪುಸ್ತಕ ಬೇಡ, ಡಿಜಿಟಲ್ ಆಗಿ ಬಂದ ವಹಿವಾಟಿನಲ್ಲಿ ಶೇ. 6 ಲಾಭ ಅಂತ ತೋರಿಸಿದರೆ ಮುಗಿಯಿತು. ಕಿರಾಣಿ ಅಂಗಡಿಗೆ ಇದು ಸರಿ. ಆದರೆ ಕಮಿಷನ್, ದಲ್ಲಾಳಿ, ಏಜೆನ್ಸಿ ಆದಾಯಕ್ಕೆ ಈ ದಾರಿ ಇಲ್ಲ ಅಂತ ಅದೇ ಸೆಕ್ಷನ್‌ನಲ್ಲಿ ಬರೆದಿದೆ. ಕಾರಣ ಸರಳ. ಅಂಗಡಿಯವನು ನೂರು ರೂಪಾಯಿ ಸಾಮಾನು ಮಾರಿದರೆ ತೊಂಬತ್ತಕ್ಕೂ ಜಾಸ್ತಿ ಸಾಮಾನು ತಂದದ್ದಕ್ಕೇ ಹೋಗಿರುತ್ತದೆ. ನಿಮಗೆ ಬಂದ ನೂರು ರೂಪಾಯಿ ಕಮಿಷನ್‌ನಲ್ಲಿ ಸಾಮಾನಿನ ಬೆಲೆ ಎಲ್ಲಿದೆ?

ಎಚ್‌ಎಸ್‌ಆರ್ ಲೇಔಟ್‌ನ ಒಬ್ಬ ಹುಡುಗ ಐಟಿ ಕೆಲಸ ಬಿಟ್ಟು ಇದನ್ನೇ ಮಾಡುತ್ತಾನೆ. ವೆಬ್ ಹೋಸ್ಟಿಂಗ್, ಸಾಫ್ಟ್‌ವೇರ್ ಲಿಂಕ್‌ಗಳು. 2024-25ರಲ್ಲಿ 17 ಲಕ್ಷ ಕಮಿಷನ್. ಯಾರೋ ಸ್ನೇಹಿತ ಹೇಳಿದ ಅಂತ ತಾನೇ ಈ ಸುಲಭ ದಾರಿಯ ರಿಟರ್ನ್ ಫಾರ್ಮ್ ಐಟಿಆರ್-4 ತುಂಬಿ, ಶೇ. 6ರಂತೆ 1,02,000 ಲಾಭ ತೋರಿಸಿ, ಹಿಡಿದಿದ್ದ ಟಿಡಿಎಸ್ ಪೂರ್ತಿ ರಿಫಂಡ್ ತೆಗೆದುಕೊಂಡಿದ್ದ. ಖುಷಿಯಾಗಿ ಊರಿಗೂ ಹೋಗಿ ಬಂದ. ಬಿಲ್‌ಗಳನ್ನೆಲ್ಲ ಗುಡ್ಡೆ ಹಾಕಿ ಕೂತಾಗ ನಿಜವಾದ ಖರ್ಚು 4 ಲಕ್ಷ ಬಂತು. ಅಂದರೆ ಆದಾಯ 13 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷದ ತೆರಿಗೆ ಸೆಸ್ ಸೇರಿ 1,04,000. ಅಪ್‌ಡೇಟೆಡ್ ರಿಟರ್ನ್ ಹಾಕಿ ಸರಿಪಡಿಸಬಹುದು, ಆದರೆ ಬಂದ ರಿಫಂಡ್ ವಾಪಸ್, ಅದಕ್ಕೆ ಬಡ್ಡಿ, ಮೇಲೆ ಮೊದಲ ವರ್ಷದೊಳಗೆ ಸಲ್ಲಿಸಿದರೆ ಶೇ. 25 ಹೆಚ್ಚುವರಿ ತೆರಿಗೆ. ತಡ ಆದಷ್ಟೂ ಅದು ಏರುತ್ತಾ ಶೇ. 70ರವರೆಗೆ ಹೋಗುತ್ತದೆ.

"ಮತ್ತೆ ಇನ್ಫ್ಲುಯೆನ್ಸರ್‌ಗೆ ಅಂತಲೇ ಕೋಡ್ ಬಂದಿದೆಯಲ್ಲ ಮೇಡಂ?" ಅಂದ. ಬಂದಿದೆ, 2025ರ ರಿಟರ್ನ್ ಫಾರ್ಮ್‌ಗಳಲ್ಲಿ ವೃತ್ತಿ ಕೋಡ್ 16021. ಕೋಡ್ ಬಂದ ಮಾತ್ರಕ್ಕೆ ಕಮಿಷನ್ ಕಮಿಷನ್ ಅಲ್ಲದೆ ಹೋಗಲ್ಲ. ಹಿಡಿದ ಟಿಡಿಎಸ್ ಎಲ್ಲ ತೋರಿಸುವ ಇಲಾಖೆಯ ಪಟ್ಟಿ 26ಎಎಸ್‌ನಲ್ಲಿ ನಿಮ್ಮ ಹೆಸರಿನ ಮುಂದೆ 194ಎಚ್ ಅಂತ ಇರುವಾಗ ಇಲಾಖೆಯ ಕಂಪ್ಯೂಟರ್‌ಗೆ ಕನ್ನಡಕ ಬೇಕಿಲ್ಲ.

ಹಾಗಾದರೆ ಲೆಕ್ಕ ಬರೆಯಬೇಕು. ತುಂಬಬೇಕಾದ ಫಾರ್ಮ್ ಐಟಿಆರ್-3. ಭಯ ಬೀಳಬೇಡಿ, ಇದರಲ್ಲಿ ಲಾಭವೂ ಇದೆ. ಲ್ಯಾಪ್‌ಟಾಪ್‌ಗೆ ಶೇ. 40 ಸವಕಳಿ (ಬಳಸಿ ಸವೆದ ಬೆಲೆಯನ್ನು ಖರ್ಚಾಗಿ ತೋರಿಸುವುದು) ಸಿಗುತ್ತದೆ, ಕ್ಯಾಮೆರಾ, ಲೈಟ್‌ಗೆ ಶೇ. 15. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಇಂಟರ್ನೆಟ್, ಎಡಿಟಿಂಗ್ ಹುಡುಗನ ಸಂಬಳ, ತೋರಿಸಲು ಕೊಂಡ ಕಾವಲಿಗಳು, ಎಲ್ಲಕ್ಕೂ ಬಿಲ್ ಇದ್ದರೆ ಖರ್ಚು. ಗಾಂಧಿ ಬಜಾರ್‌ನಲ್ಲಿ ತಿಂದ ಮಸಾಲೆ ದೋಸೆ ಖರ್ಚಲ್ಲ. ಕೇಳಿದವರಿದ್ದಾರೆ, ಅದಕ್ಕೇ ಹೇಳಿದೆ.

ಲೆಕ್ಕದಲ್ಲಿ ಒಂದು ಗಂಟು ಮಾರ್ಚ್‌ನಲ್ಲಿ ಬೀಳುತ್ತದೆ. ಮಾರ್ಚ್ ಕಮಿಷನ್ ನಿಮ್ಮ ಬ್ಯಾಂಕಿಗೆ ಬರುವುದು ಮೇ ಕೊನೆಗೆ. ಆದರೆ ಟಿಡಿಎಸ್ ಹಿಡಿಯುವುದು ಹಣ ಕೊಟ್ಟಾಗ ಅಥವಾ ಅವರ ಪುಸ್ತಕದಲ್ಲಿ ನಿಮ್ಮ ಖಾತೆಗೆ ಜಮೆ ಬರೆದಾಗ, ಯಾವುದು ಮೊದಲೋ ಆಗ. ಹಾಗಾಗಿ 26ಎಎಸ್ ಒಂದು ಮೊತ್ತ ಹೇಳುತ್ತದೆ, ಪಾಸ್‌ಬುಕ್ ಇನ್ನೊಂದು. ಬಂದಾಗ ಬರೆಯುವ ಪದ್ಧತಿಯೋ, ಬರಬೇಕಾದಾಗ ಬರೆಯುವ ಪದ್ಧತಿಯೋ, ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಿ. ಈ ವರ್ಷ ಇದು, ಮುಂದಿನ ವರ್ಷ ಅದು ಅಂದರೆ ನೋಟಿಸ್‌ಗೆ ಉತ್ತರ ಬರೆಯುವುದೇ ಕೆಲಸ ಆಗುತ್ತದೆ.

ಗಿರಿನಗರದವರ ಪೂರ್ತಿ ವರ್ಷ ಹೀಗಿತ್ತು. ಡ್ಯಾಶ್‌ಬೋರ್ಡ್ ಅಂದಾಜು 7,10,000. ಗಟ್ಟಿಯಾದ ಕಮಿಷನ್ 5,20,000. ಟಿಡಿಎಸ್ 10,400. ಖರ್ಚು, ಸವಕಳಿ 1,40,000. ಅಂದರೆ ವ್ಯಾಪಾರದ ಆದಾಯ 3,80,000. ತಾಯಿಯಿಂದ ಬಂದ ಹನುಮಂತನಗರದ ಮಳಿಗೆಯ ಬಾಡಿಗೆ ಸೇರಿಸಿದರೂ 12 ಲಕ್ಷದ ಹತ್ತಿರವೂ ಬರಲ್ಲ, ಹೊಸ ಪದ್ಧತಿಯಲ್ಲಿ ತೆರಿಗೆ ಬೀಳಲ್ಲ. "ಹಾಗಾದ್ರೆ ರಿಟರ್ನ್ ಯಾಕೆ, ಸುಮ್ನೆ?" ಅಂದರು. ಒಂದು, ಆದಾಯ 4 ಲಕ್ಷ ದಾಟಿದರೆ ತೆರಿಗೆ ಇಲ್ಲದಿದ್ದರೂ ರಿಟರ್ನ್ ಕಡ್ಡಾಯ. ಎರಡು, ಆ 10,400 ನಿಮ್ಮದೇ ದುಡ್ಡು, ಕೇಳದೆ ಯಾರೂ ಕೊಡಲ್ಲ.

ಆ ಮಳಿಗೆ ಜಿಎಸ್‌ಟಿಯಲ್ಲೂ ಬರುತ್ತದೆ. ಕರ್ನಾಟಕದಲ್ಲಿ ಸೇವೆಗೆ ವರ್ಷಕ್ಕೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಬೇಕು. ಲೆಕ್ಕ ಹಿಡಿಯುವುದು ಪ್ಯಾನ್‌ಗೆ, ಚಾನೆಲ್‌ಗಲ್ಲ. ಕಮಿಷನ್ 5.2 ಲಕ್ಷ, ಮಳಿಗೆ ಬಾಡಿಗೆ ತಿಂಗಳಿಗೆ 40 ಸಾವಿರದಂತೆ 4.8 ಲಕ್ಷ, ಒಟ್ಟು 10 ಲಕ್ಷ. ಇವರು ಸದ್ಯಕ್ಕೆ ಪಾರು. ಎಚ್‌ಎಸ್‌ಆರ್ ಹುಡುಗ ಗಡಿಯಲ್ಲಿದ್ದಾನೆ. ವಿದೇಶಿ ಕಂಪನಿ ಡಾಲರ್‌ನಲ್ಲಿ ಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಅಂತ ಅವನು ಅಂದುಕೊಂಡಿದ್ದ, ಅದೂ ಸೇರುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಊರಿನ ಬೇಕರಿ, ಕಾಂಡಿಮೆಂಟ್ಸ್‌ಗಳಿಗೆ ನೋಟಿಸ್ ಬಂದಾಗ ನಮ್ಮ ಆಫೀಸಿನ ಕೆಳಗಿನ ಅಂಗಡಿಯಲ್ಲೂ 'ನೋ ಯುಪಿಐ, ಓನ್ಲಿ ಕ್ಯಾಶ್' ಚೀಟಿ ಅಂಟಿತ್ತು. ಅಫಿಲಿಯೇಟ್‌ನವರಿಗೆ ಆ ಚೀಟಿ ಅಂಟಿಸುವ ಅವಕಾಶವೂ ಇಲ್ಲ. ಪ್ರತಿ ರೂಪಾಯಿಯೂ ಬ್ಯಾಂಕಿನ ಮೂಲಕವೇ ಬರುತ್ತದೆ.

ಇನ್ನು ಕೋರ್ಸ್ ಕೊಂಡು ಅದೇ ಕೋರ್ಸ್ ಮಾರುವ 'ಅಫಿಲಿಯೇಟ್'ಗಳು. ಇದರ ಬಗ್ಗೆ ಜಾಸ್ತಿ ಬರೆಯಲ್ಲ. ಮಾರುವ ವಸ್ತು ಏನು ಅಂತ ಕೇಳಿ. ಹೊಸಬರನ್ನು ಸೇರಿಸುವುದೇ ವಸ್ತು ಅಂತಾದರೆ ಅದು ವ್ಯಾಪಾರ ಅಲ್ಲ. ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ಅಪ್ಪನ ಪಿಎಫ್ ದುಡ್ಡು ಹಾಕಿ ಸೇರಿದ ಮಕ್ಕಳ ಲೆಕ್ಕ ನಾನು ನೋಡಿದ್ದೇನೆ. ಅದರಲ್ಲಿ ಬರೆಯಲು ಖರ್ಚಿನ ಕಡೆ ಮಾತ್ರ ಇರುತ್ತದೆ.

ಲಿಂಕ್‌ನಿಂದ ನಿಮಗೆ ಕಮಿಷನ್ ಬರುತ್ತದೆ ಅನ್ನುವುದನ್ನು ನೋಡುವವರಿಗೆ ಹೇಳಲೇಬೇಕು. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಇದನ್ನು ಸ್ಪಷ್ಟ ಮಾಡಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ ದಂಡ ಹಾಕಬಹುದು. ಹ್ಯಾಷ್‌ಟ್ಯಾಗ್ ಗುಂಪಿನಲ್ಲಿ ಕೊನೆಗೆ ಇಂಗ್ಲಿಷ್‌ನಲ್ಲಿ ಸಿಕ್ಕಿಸುವುದು ನನಗೆ ಇಷ್ಟ ಆಗಲ್ಲ. ಗಿರಿನಗರದವರು ಈಗ ವಿಡಿಯೋ ಶುರುವಲ್ಲೇ "ಈ ಲಿಂಕ್‌ನಿಂದ ತಗೊಂಡ್ರೆ ನನಗೆ ನಾಲ್ಕು ಕಾಸು ಬರುತ್ತೆ" ಅನ್ನುತ್ತಾರೆ. ಕೊಳ್ಳುವವರೇನೂ ಕಡಿಮೆ ಆಗಿಲ್ಲ.

ಅವರು ಕಳೆದ ಸಲ ಬಂದದ್ದು ಬೇರೆ ಕಾರಣಕ್ಕೆ. ಒಂದು ಕಂಪನಿ ವಿಡಿಯೋ ಮಾಡಲೆಂದು 14 ಸಾವಿರದ ಗ್ರೈಂಡರ್, 9 ಸಾವಿರದ ಮಿಕ್ಸಿ ಕಳಿಸಿತ್ತು. ವಾಪಸ್ ಕೇಳಿರಲಿಲ್ಲ. ಆಮೇಲೆ ಇಮೇಲ್ ಬಂತು: ಒಟ್ಟು 23 ಸಾವಿರ, 194ಆರ್ ಪ್ರಕಾರ ಶೇ. 10, ನೀವು 2,300 ತೆರಿಗೆ ಕಟ್ಟಿ ಚಲನ್ ಕಳಿಸಿ.

"ಗಿಫ್ಟ್ ಕೊಟ್ಟವರು ಅವರು, ದುಡ್ಡು ನಾನು ಕಟ್ಟಬೇಕಾ ಮೇಡಂ?"

ನಿಯಮ ಹಾಗೇ ಇದೆ. 2022ರ ಜುಲೈನಿಂದ, ವ್ಯಾಪಾರದ ಸಂಬಂಧದಲ್ಲಿ ಒಬ್ಬರಿಂದ ವರ್ಷಕ್ಕೆ 20 ಸಾವಿರ ದಾಟಿದ ವಸ್ತು ರೂಪದ ಲಾಭಕ್ಕೆ ಟಿಡಿಎಸ್. ಬಳಸಿ ವಾಪಸ್ ಕೊಟ್ಟರೆ ಅದು ಲಾಭ ಅಲ್ಲ ಎಂದು ಆ ವರ್ಷದ ಸುತ್ತೋಲೆಯಲ್ಲೇ ಇದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಗ್ರೈಂಡರ್ ವಾಪಸ್ ಕಳಿಸಿದರು. ಮಿಕ್ಸಿ ಇಟ್ಟುಕೊಂಡರು, 9 ಸಾವಿರ, ಮಿತಿಯ ಒಳಗೇ. ಟಿಡಿಎಸ್ ಇಲ್ಲದಿದ್ದರೂ ಅದು ಆದಾಯವೇ ಅಂತ ನಾನು ಆ 9 ಸಾವಿರವನ್ನು ಲೆಕ್ಕಕ್ಕೆ ಸೇರಿಸಿದೆ. ಅದಕ್ಕೆ ಇನ್ನೂ ಮುಖ ಊದಿಸಿಕೊಂಡಿದ್ದಾರೆ.