ಫ್ಯೂಸ್ ಪದೇ ಪದೇ ಹೋಗ್ತಿದೆ, ಸ್ವಲ್ಪ ದೊಡ್ಡದು ಹಾಕಲಾ?

ಪ್ರಶ್ನೆ: ಮನೆಯಲ್ಲಿ ಹಳೆಯ ಪಿನ್‌ಬಾಲ್ ಯಂತ್ರವಿದೆ. ಆಟ ಶುರುವಾಗಿ ನಾಲ್ಕು ಸಲ ಫ್ಲಿಪರ್ (ಚೆಂಡನ್ನು ಹೊಡೆಯುವ ತೋಳು) ಒತ್ತುವಷ್ಟರಲ್ಲಿ 3 ಆಂಪ್ಸ್ ಫ್ಯೂಸ್ ಹೋಗುತ್ತದೆ. ಎಲೆಕ್ಟ್ರಿಷಿಯನ್ನು ‘10 ಆಂಪ್ಸ್ ಹಾಕಿಬಿಡಿ, ತಲೆನೋವೇ ಇರಲ್ಲ’ ಅಂತಾರೆ. ಹಾಕಬಹುದಾ?

ಉತ್ತರ: ಬೇಡ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆ ವೇಷ ಬದಲಿಸಿಕೊಂಡು ತಿರುಗಿ ಬರುತ್ತಲೇ ಇರುತ್ತದೆ. 10 ಬೇಡ, 5 ಆದರೆ? ಗಾಜಿನ ಫ್ಯೂಸಿನ ಮೇಲೆ ಒಂದು ಎಳೆ ತಾಮ್ರ ಸುತ್ತಿದರೆ? ಬರೀ ಇವತ್ತೊಂದು ದಿನಕ್ಕೆ, ನೆಂಟರು ಬಂದಿದಾರೆ? ಎಲ್ಲಕ್ಕೂ ಉತ್ತರ ಒಂದೇ. ಅದು ಯಾಕೆ ಅನ್ನುವುದನ್ನು ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಈ ನಂಬಿಕೆ ಎಲ್ಲಿಂದ ಬಂತು ಅನ್ನುವುದು ಗುಟ್ಟೇನಲ್ಲ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಮೀಟರ್ ಬೋರ್ಡಿನಲ್ಲಿ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಇರುತ್ತಿತ್ತಲ್ಲ, ಅಲ್ಲಿಂದ. ಕರೆಂಟ್ ಹೋದರೆ ಕಿತ್ತು, ಒಂದು ಎಳೆ ತಂತಿ ಸುತ್ತಿ, ಮತ್ತೆ ಸಿಕ್ಕಿಸುವುದು. ಮತ್ತೆ ಹೋದರೆ ಎರಡು ಎಳೆ. ಆಗ ನಿಲ್ಲುತ್ತಿತ್ತು ಕೂಡ. ಆದರೆ ಯಾಕೆ ನಿಲ್ಲುತ್ತಿತ್ತು? ಮನೆಗೆ ಗೀಸರ್ ಬಂದಿತ್ತು, ಮಿಕ್ಸಿ ಬಂದಿತ್ತು, ಇಸ್ತ್ರಿಪೆಟ್ಟಿಗೆ ಬಂದಿತ್ತು. ಲೋಡೇ ಏರಿತ್ತು. ಅದು ಆಗಲೂ ಸರಿಯಾದ ಕೆಲಸವಲ್ಲ, ಗೋಡೆಯೊಳಗಿನ ವೈರ್ ಬಿಸಿಯಾಗುತ್ತಿತ್ತು. ಹೋಗಲಿ ಬಿಡಿ. ನಿಮ್ಮ ಪಿನ್‌ಬಾಲ್ ಯಂತ್ರಕ್ಕೆ ಹೊಸದಾಗಿ ಗೀಸರ್ ಸೇರಿಸಿಲ್ಲ. ಕಾರ್ಖಾನೆಯಿಂದ ಹೊರಟ ದಿನ ಎಷ್ಟು ಕಾಯಿಲ್ (ತಂತಿ ಸುರುಳಿ) ಇದ್ದವೋ ಇವತ್ತೂ ಅಷ್ಟೇ ಇವೆ. ಅಷ್ಟು ವರ್ಷ 3 ಆಂಪ್ಸ್ ಸಾಕಾಗಿತ್ತು, ಈಗ ಸಾಲುತ್ತಿಲ್ಲ ಎಂದರೆ ಕೆಟ್ಟಿರುವುದು ಬೇರೆ ಏನೋ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗೆ ಫ್ಯೂಸ್ ಬದಲಿಸಿ ಪ್ರಯೋಜನವಿಲ್ಲ.

ಈಗ ಲೆಕ್ಕ. ಫ್ಲಿಪರ್ ಕಾಯಿಲಿನಲ್ಲಿ ಎರಡು ಸುತ್ತುಗಳಿವೆ. ದಪ್ಪ ತಂತಿಯ ಸುತ್ತಿಗೆ ಸುಮಾರು 4 ಓಮ್. ಚೆಂಡನ್ನು ಹೊಡೆಯುವ ಬಲ ಅದರದ್ದು. ತೆಳು ತಂತಿಯ ಸುತ್ತು 150 ಓಮ್ ಆಸುಪಾಸು. ನೀವು ಗುಂಡಿ ಒತ್ತಿಕೊಂಡೇ ಇದ್ದಾಗ ಫ್ಲಿಪರನ್ನು ಮೇಲೆ ಹಿಡಿದಿಡುವುದಷ್ಟೇ ಅದರ ಕೆಲಸ. 50 ವೋಲ್ಟ್ ಡಿಸಿಯಲ್ಲಿ ದಪ್ಪ ಸುತ್ತು 12.5 ಆಂಪ್ಸ್ ಎಳೆಯುತ್ತದೆ, ಅಂದರೆ 600 ವ್ಯಾಟ್‌ಗೂ ಮೇಲೆ. ತೆಳು ಸುತ್ತು ಎಳೆಯುವುದು ಆಂಪಿಯರಿನ ಮೂರನೇ ಒಂದು ಭಾಗ, 17 ವ್ಯಾಟ್. ಫ್ಲಿಪರ್ ಪೂರ್ತಿ ಎದ್ದ ಕೂಡಲೇ ಅದರ ಬುಡದ ಈಓಎಸ್ (ಎಂಡ್ ಆಫ್ ಸ್ಟ್ರೋಕ್) ಸ್ವಿಚ್ ತೆರೆದುಕೊಂಡು ಭಾರವನ್ನು ತೆಳು ಸುತ್ತಿಗೆ ದಾಟಿಸಬೇಕು. ಆ ಸ್ವಿಚ್ ತೆರೆಯದಿದ್ದರೆ 600 ವ್ಯಾಟ್ ಹಾಗೇ ಹರಿಯುತ್ತಿರುತ್ತದೆ.

3 ಆಂಪ್ಸ್ ಸ್ಲೋ-ಬ್ಲೋ ಫ್ಯೂಸಿಗೆ 12.5 ಆಂಪ್ಸ್ ಎಂದರೆ ನಾಲ್ಕು ಪಟ್ಟು. ಚೆಂಡು ಹೊಡೆಯುವ ಆ ಒಂದು ಕ್ಷಣವನ್ನು ಅದು ತಾಳಿಕೊಳ್ಳುತ್ತದೆ, ಕರೆಂಟ್ ಹಾಗೇ ನಿಂತರೆ ಬೇಗನೆ ಕಡಿದುಕೊಳ್ಳುತ್ತದೆ. ಮಾಡಬೇಕಾದ್ದನ್ನೇ ಮಾಡಿತು. 10 ಆಂಪ್ಸ್ ಫ್ಯೂಸಿಗೆ ಅದೇ 12.5 ಆಂಪ್ಸ್ ಬರೀ ಕಾಲು ಭಾಗ ಹೆಚ್ಚು. ಸ್ಲೋ-ಬ್ಲೋ ಫ್ಯೂಸ್ ತನ್ನ ಅಳತೆಯ ಶೇ. 135ರಷ್ಟು ಕರೆಂಟಿಗೂ ಒಂದು ಗಂಟೆಯವರೆಗೆ ಸಮಯ ತೆಗೆದುಕೊಳ್ಳಬಹುದು, ಶೇ. 125ಕ್ಕೆ ಇನ್ನೂ ಹೆಚ್ಚು. ಅಷ್ಟು ಹೊತ್ತು ಅಂಗೈಯಲ್ಲಿ ಮುಚ್ಚಿಹೋಗುವ ಕಾಯಿಲಿನೊಳಗೆ ಇಸ್ತ್ರಿಪೆಟ್ಟಿಗೆಯಷ್ಟು ಶಾಖ. ಮೊದಲು ವಾಸನೆ, ಆಮೇಲೆ ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ, ಅದರೊಳಗೆ ಓಡಾಡುವ ಪ್ಲಂಜರ್ ಅಂಟಿಕೊಳ್ಳುವುದು, ಆಮೇಲೆ ಹೊಗೆ. ಸುತ್ತ ಇರುವುದು ಮರದ ಪೆಟ್ಟಿಗೆ. ಅರ್ಥವಾಯಿತಲ್ಲ?

ಇನ್ನೊಂದು ಮಾತು: ಫ್ಯೂಸ್ ಇರುವುದು ಕಾಯಿಲಿಗೆ ಕರೆಂಟ್ ಬಿಡುವ ಟ್ರಾನ್ಸಿಸ್ಟರನ್ನು ಕಾಯಲಿಕ್ಕೆ ಅಲ್ಲ. ಶಾರ್ಟ್ ಆದಾಗ ಟ್ರಾನ್ಸಿಸ್ಟರ್ ಮಿಲಿಸೆಕೆಂಡುಗಳಲ್ಲಿ ಹೋಗಿರುತ್ತದೆ, ಫ್ಯೂಸ್ ಆಮೇಲೆ. ವೈರ್, ಟ್ರಾನ್ಸ್‌ಫಾರ್ಮರ್, ಮನೆ ಉಳಿಯಲಿ ಅಂತ ಅದು ಇರುವುದು.

ಹಾಗಾದರೆ ತಪ್ಪು ಹುಡುಕುವುದು ಹೇಗೆ? ಫ್ಯೂಸ್ ಯಾವಾಗ ಹೋಗುತ್ತದೆ ಅನ್ನುವುದೇ ಅರ್ಧ ಉತ್ತರ. ಸ್ವಿಚ್ ಹಾಕಿದ ತಕ್ಷಣ ಹೋದರೆ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಅಥವಾ ಶಾರ್ಟ್ ಆದ ಟ್ರಾನ್ಸಿಸ್ಟರ್. ನಿಮ್ಮದರಂತೆ ಫ್ಲಿಪರ್ ಒತ್ತಿದಾಗ ಹೋದರೆ ಈಓಎಸ್. ಅರ್ಧ ಗಂಟೆ ಆಡಿದ ಮೇಲೆ, ಒಮ್ಮೊಮ್ಮೆ ಮಾತ್ರ ಹೋದರೆ ಅಲುಗಾಡಿ ಎಲ್ಲೋ ತಾಗುವ ವೈರ್, ಇಲ್ಲವೇ ಫ್ಯೂಸ್ ಕ್ಲಿಪ್. ಸುಟ್ಟ ಫ್ಯೂಸನ್ನೂ ನೋಡಿ: ಗಾಜು ಕಪ್ಪಾಗಿ ಕನ್ನಡಿಯಂತೆ ಹೊಳೆದರೆ ನೇರ ಶಾರ್ಟ್, ತಂತಿ ಮಧ್ಯದಲ್ಲಿ ಸದ್ದಿಲ್ಲದೆ ತುಂಡಾಗಿದ್ದರೆ ಸ್ವಲ್ಪ ಹೆಚ್ಚಿನ ಲೋಡ್. ಕಣ್ಣಿಗೆ ಚೆನ್ನಾಗಿ ಕಂಡ ಫ್ಯೂಸ್ ಕೂಡ ಹೋಗಿರಬಹುದು. ಕ್ಲಿಪ್ಪಿನಿಂದ ತೆಗೆದು ಮಲ್ಟಿಮೀಟರ್ ಇಟ್ಟೇ ನೋಡಿ.

ಪ್ಲಗ್ ಕಿತ್ತು ಕೆಲಸ ಶುರು ಮಾಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕೆಪಾಸಿಟರುಗಳು ಖಾಲಿಯಾಗಲು ಕೆಲವು ನಿಮಿಷ ಕೊಡಿ. ಡಿಸ್‌ಪ್ಲೇ ಕಡೆ 100 ವೋಲ್ಟಿಗೂ ಹೆಚ್ಚು ಇರುತ್ತದೆ.

ಪ್ಲೇಫೀಲ್ಡ್ (ಚೆಂಡು ಉರುಳುವ ಹಲಗೆ) ಎತ್ತಿ, ಫ್ಲಿಪರನ್ನು ಕೈಯಲ್ಲೇ ಕೊನೆಯವರೆಗೆ ತಿರುಗಿಸಿ. ಹಳೆಯ ಬಗೆಯ ಈಓಎಸ್ ಕೊನೆಯಲ್ಲಿ 2–3 ಮಿ.ಮೀ. ತೆರೆದುಕೊಳ್ಳಬೇಕು. ಇಲ್ಲವಾದರೆ ಸ್ವಿಚ್ಚಿನ ಲೋಹದ ಎಲೆಯನ್ನು ಬುಡದಿಂದ ಬಗ್ಗಿಸಿ, ತುದಿಯಿಂದಲ್ಲ. ಅದರ ಟಂಗ್‌ಸ್ಟನ್ ಮೊನೆ ಕಪ್ಪಾಗಿದ್ದರೆ ಸಣ್ಣ ಅರದಿಂದ ಉಜ್ಜಬಹುದು. ಇದೇ ಅರವನ್ನು ಪ್ಲೇಫೀಲ್ಡಿನ ಬೇರೆ ಸ್ವಿಚ್‌ಗಳ ಹತ್ತಿರ ಒಯ್ಯಬೇಡಿ. ಅವುಗಳ ಮೇಲಿರುವುದು ತೆಳುವಾದ ಚಿನ್ನದ ಲೇಪ. ಮದುವೆ ಕರೆಯೋಲೆಯ ಒರಟು ಕಾಗದ ಒಂದು ತುಂಡು ನಡುವೆ ಇಟ್ಟು ಎಳೆದರೆ ಸಾಕು. ಈಓಎಸ್‌ಗೆ ಅಡ್ಡಲಾಗಿ 2.2 ಮೈಕ್ರೋಫ್ಯಾರಡ್, 250 ವೋಲ್ಟ್ ಕೆಪಾಸಿಟರ್ ಇದ್ದರೆ ಅದನ್ನೂ ಬದಲಿಸಿ. ಅದು ಹೋದರೆ ಕಿಡಿ ಹೆಚ್ಚಿ ಮೊನೆ ಮತ್ತೆ ಸುಡುತ್ತದೆ. 1992ರ ಸುಮಾರಿನಿಂದ ಫ್ಲಿಪ್‌ಟ್ರಾನಿಕ್ ಬೋರ್ಡ್ ಬಂದ ವಿಲಿಯಮ್ಸ್, ಬ್ಯಾಲಿ ಯಂತ್ರಗಳಲ್ಲಿ ಈಓಎಸ್ ತಲೆಕೆಳಗು: ಕೊನೆಯಲ್ಲಿ ಮುಚ್ಚುತ್ತದೆ. ಅಲ್ಲಿ ದಪ್ಪ ಸುತ್ತನ್ನು ಬಿಡಿಸುವುದು ಕಂಪ್ಯೂಟರ್, ಆದ್ದರಿಂದ ಅಲ್ಲಿ ಟ್ರಾನ್ಸಿಸ್ಟರನ್ನು ಮೊದಲು ಅನುಮಾನಿಸಿ.

ಬೇರೆ ಕಾಯಿಲ್‌ಗಳಿಗೆ: ಒಂದು ತುದಿಯ ವೈರ್ ಬಿಡಿಸಿ ಓಮ್ ಅಳೆಯಿರಿ. 2 ಓಮಿಗಿಂತ ಕಡಿಮೆ ಬಂದರೆ ಕಾಯಿಲ್ ಒಳಗೇ ಸುಟ್ಟಿದೆ. ಕಾಯಿಲಿಗೆ ಅಡ್ಡಲಾಗಿರುವ ಡಯೋಡ್ 1ಎನ್4004ರ ಪಟ್ಟಿಯಿರುವ ತುದಿ ಕರೆಂಟ್ ಬರುವ ವೈರ್ ಕಡೆಗಿರಬೇಕು. ತಿರುಗಿಸಿ ಬೆಸೆದರೆ ಕಾಯಿಲ್ ಹೊಡೆದ ಮೊದಲ ಸಲವೇ ಟ್ರಾನ್ಸಿಸ್ಟರ್ ಬಲಿ. ಟಿಐಪಿ 102 ಎಂಬ ಟ್ರಾನ್ಸಿಸ್ಟರಿನ ಪರೀಕ್ಷೆಗೆ ಮೀಟರನ್ನು ಡಯೋಡ್ ಮೋಡಿಗೆ ಹಾಕಿ, ಕಪ್ಪು ಪಿನ್ ಲೋಹದ ಬೆನ್ನಿಗೆ, ಕೆಂಪು ಪಿನ್ ಎರಡೂ ಪಕ್ಕದ ಕಾಲುಗಳಿಗೆ ಒಂದೊಂದಾಗಿ. 0.4ರಿಂದ 0.6 ಬಂದರೆ ಬಹುತೇಕ ಸರಿ, ಸೊನ್ನೆ ಬಂದರೆ ಸತ್ತಿದೆ. ಟಿಐಪಿ 122 ಇದ್ದ ಜಾಗಕ್ಕೆ 102 ಹಾಕಬಹುದು, ಅದು 8 ಆಂಪ್ಸ್ ತಾಳುತ್ತದೆ. 102 ಇದ್ದಲ್ಲಿ 122 ಹಾಕಬೇಡಿ, ಅದಕ್ಕೆ 5 ಆಂಪ್ಸ್ ಮಾತ್ರ. ಕಾಯಿಲ್ ಅಳೆಯದೆ ಹೊಸ ಟ್ರಾನ್ಸಿಸ್ಟರ್ ಹಾಕಿದರೆ ಸಂಜೆಯೊಳಗೆ ಮತ್ತೆ ಬಿಡಿಭಾಗಗಳ ಪೇಟೆಯಾದ ಬೆಂಗಳೂರಿನ ಎಸ್‌ಪಿ ರೋಡ್.

ಎಸ್‌ಪಿ ರೋಡಿಗೆ ಹೋದಾಗ ‘ಗಾಜಿನ ಫ್ಯೂಸ್’ ಎಂದಷ್ಟೇ ಕೇಳಿದರೆ 5×20 ಮಿ.ಮೀ.ನ ಫಾಸ್ಟ್ ಫ್ಯೂಸ್ ಕೊಡುತ್ತಾರೆ. ಅಮೆರಿಕದ ಯಂತ್ರಗಳಿಗೆ ಬೇಕಾದದ್ದು ಸಾಮಾನ್ಯವಾಗಿ 6×32, ಸ್ಲೋ-ಬ್ಲೋ, 250 ವೋಲ್ಟ್. ಕಾರಿನ 32 ವೋಲ್ಟ್ ಫ್ಯೂಸ್ ನೋಡಲು ಹಾಗೇ ಇರುತ್ತದೆ, ಮೇಲಿನ ಅಕ್ಷರ ಓದಿ. ‘ಫ್ಯೂಸೇ ವೀಕು’ ಎಂಬ ಮಾತು ನಿಜವಾಗುವುದು ಎರಡೇ ಕಡೆ: ಸ್ಲೋ-ಬ್ಲೋ ಜಾಗಕ್ಕೆ ಫಾಸ್ಟ್ ಹಾಕಿದಾಗ, ಅಥವಾ ಕ್ಲಿಪ್ಪಿನ ಹಿಡಿತ ಸಡಿಲವಾಗಿ ಅದರ ಬಿಸಿಗೇ ಫ್ಯೂಸ್ ಕರಗಿದಾಗ. ಆಗಲೂ ಬದಲಿಸಬೇಕಾದದ್ದು ಫ್ಯೂಸಿನ ಬಗೆ ಅಥವಾ ಕ್ಲಿಪ್, ಆಂಪಿಯರ್ ಅಲ್ಲ.

ಇನ್ನು ಯಾರೂ ಕೇಳದ, ಕೇಳಬೇಕಾಗಿದ್ದ ವಿಷಯ: ಅಮೆರಿಕದಿಂದ ತಂದ 115 ವೋಲ್ಟ್ ಯಂತ್ರವನ್ನು ನಮ್ಮ 230ಕ್ಕೆ ಹೇಗೆ ಕೊಡುತ್ತಿದ್ದೀರಿ? ಹೆಚ್ಚಿನವರು ಅಂಗಡಿಯ ಸ್ಟೆಪ್-ಡೌನ್ ಡಬ್ಬಿ ಇಡುತ್ತಾರೆ. ಅದು ಬಹುತೇಕ ಆಟೋಟ್ರಾನ್ಸ್‌ಫಾರ್ಮರ್, ಅಂದರೆ 230ಕ್ಕೂ 115ಕ್ಕೂ ಸೇರಿ ಒಂದೇ ಸುತ್ತು. ಅದರ ಕೆಳಗಿನ ಸುತ್ತು ಕಡಿದರೆ ಪೂರ್ತಿ 230 ವೋಲ್ಟ್ ನೇರವಾಗಿ ಯಂತ್ರಕ್ಕೆ. ಔಟ್‌ಪುಟ್ ಸಾಕೆಟ್ ಎರಡೇ ತೂತಿನದ್ದಾದರೆ ಅರ್ಥಿಂಗ್ ಕೂಡ ಇಲ್ಲ, ಮುಂಭಾಗದ ಸ್ಟೀಲ್ ಪಟ್ಟಿ ಮುಟ್ಟಿದವರಿಗೆ ಶಾಕ್. ಗೋಡೆಯ ಮೂರು ಪಿನ್ನನ್ನೂ ನಂಬಬೇಡಿ: ಲೈವ್‌ನಿಂದ ಅರ್ಥ್‌ಗೆ 230 ಆಸುಪಾಸು, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್ ಬಂದರೆ ಮಾತ್ರ ಸರಿ.

ಹಲವು ಯಂತ್ರಗಳ ಟ್ರಾನ್ಸ್‌ಫಾರ್ಮರಿನಲ್ಲೇ 230ಕ್ಕೆ ಜಂಪರ್ (ಜೋಡಣೆಯ ತುಂಡು ವೈರ್) ಬದಲಿಸುವ ವ್ಯವಸ್ಥೆ ಇರುತ್ತದೆ, ಚಿತ್ರ ಮ್ಯಾನುಯಲ್ಲಿನಲ್ಲಿದೆ. ಅದೇ ಒಳ್ಳೆಯ ದಾರಿ. ಜಂಪರ್ ಬದಲಿಸಿದವರು ಮರೆಯುವುದು ಒಂದನ್ನೇ: ಮೇನ್ ಸ್ವಿಚ್ ಬಳಿಯ ಪೆಟ್ಟಿಗೆಯೊಳಗೆ ಲೈವ್-ನ್ಯೂಟ್ರಲ್ ನಡುವೆ ಕೂತ, ವೋಲ್ಟೇಜ್ ಮಿತಿ ಮೀರಿದರೆ ಕರೆಂಟ್ ಹರಿಯಬಿಡುವ ಬಿಲ್ಲೆಯಂಥ ವೇರಿಸ್ಟರ್. 115ರ ಯಂತ್ರದಲ್ಲಿ ಅದು 130 ಅಥವಾ 150 ವೋಲ್ಟಿನದು. 230 ಸಪ್ಲೈಯ ಶಿಖರ 325 ವೋಲ್ಟ್, ಹಾಗಾಗಿ ಸ್ವಿಚ್ ಹಾಕಿದ ಕೂಡಲೇ ಅದು ಶಾರ್ಟ್ ಆಗಿ ಮೇನ್ ಫ್ಯೂಸ್ ಹೋಗುತ್ತದೆ. ಅಲ್ಲೂ ಜನ ದೊಡ್ಡ ಫ್ಯೂಸ್ ಹಾಕಿ ನೋಡುತ್ತಾರೆ, ಬಿಲ್ಲೆ ಪಟಾಕಿಯ ಹಾಗೆ ಸಿಡಿಯುತ್ತದೆ. ಅದನ್ನು ತೆಗೆದು 275 ವೋಲ್ಟಿನದು ಬೆಸೆಯಿರಿ. ಮೇನ್ ಫ್ಯೂಸ್ ದೊಡ್ಡದಲ್ಲ, ಚಿಕ್ಕದಾಗಬೇಕು: ವೋಲ್ಟೇಜ್ ಎರಡು ಪಟ್ಟಾದ್ದರಿಂದ ಕರೆಂಟ್ ಅರ್ಧ. 230ಕ್ಕೆ ಎಷ್ಟು ಎಂಬುದು ಮ್ಯಾನುಯಲ್ಲಿನ ಅದೇ ಪುಟದಲ್ಲಿ, ಜಂಪರ್ ಚಿತ್ರದ ಪಕ್ಕದಲ್ಲೇ ಹುಡುಕಿ.