ಸರೋವರದಂಚಿನ ಕಾಡುದಾರಿಯಲ್ಲಿ ಓಟದ ವೇಗ ಏಕೆ ಕುಸಿಯುತ್ತದೆ?

ಪ್ರಶ್ನೆ: ರಸ್ತೆಯಲ್ಲಿ 10 ಕಿಲೋಮೀಟರ್ ಓಡಲು ನನಗೆ ಒಂದು ಗಂಟೆ ಸಾಕು. ಸರೋವರದ ಸುತ್ತಲಿನ ಕಾಡುದಾರಿಯಲ್ಲಿ ಅಷ್ಟೇ ದೂರಕ್ಕೆ ಇಪ್ಪತ್ತು ನಿಮಿಷ ಹೆಚ್ಚು ಬೇಕಾಗುತ್ತದೆ, ಸುಸ್ತೂ ಹೆಚ್ಚು. ನಕ್ಷೆಯಲ್ಲಿ ನೋಡಿದರೆ ದಾರಿ ಸಮತಟ್ಟಾಗಿಯೇ ಇದೆ. ಕೊರತೆ ನನ್ನಲ್ಲಿದೆಯೋ, ಗಡಿಯಾರದಲ್ಲೋ? ಇಂಥ ದಾರಿಯನ್ನು ಆರಿಸಿಕೊಳ್ಳುವುದು ಹೇಗೆ?

ಉತ್ತರ: ರಸ್ತೆಯಲ್ಲಿ ಓಡಿ ಪಳಗಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯಿದು. ಕೊರತೆ ನಿಮ್ಮದಲ್ಲ. ಗಡಿಯಾರದ ಪಾಲು ಒಂದಿಷ್ಟಿದೆ, ಉಳಿದದ್ದೆಲ್ಲ ನೆಲದ್ದು. ಆ ಇಪ್ಪತ್ತು ನಿಮಿಷ ಎಲ್ಲಿ ಹೋಯಿತೆಂದು ಸ್ಥೂಲವಾಗಿಯಾದರೂ ಲೆಕ್ಕ ಹಾಕಬಹುದು.

ಮೊದಲು ಸಮತಟ್ಟು ಎಂಬ ನಂಬಿಕೆಯನ್ನು ಬಿಡಬೇಕು. ಸಮತಟ್ಟಾಗಿರುವುದು ನೀರು, ದಂಡೆಯಲ್ಲ. ಬಂಡೆ ನೇರವಾಗಿ ನೀರಿಗೆ ಇಳಿದಿರುವ ಕಡೆ ಕಾಲುದಾರಿ ಮೇಲೇರಿ ಬಳಸಿಕೊಂಡು ಬರುತ್ತದೆ. ಜೌಗು ಇದ್ದಲ್ಲಿ ದಂಡೆಯನ್ನೇ ಬಿಟ್ಟು ಕಾಡಿನೊಳಕ್ಕೆ ಸರಿಯುತ್ತದೆ. ತೊರೆ ಬಂದು ಸೇರುವಲ್ಲಿ ಕೊರಕಲಿಗಿಳಿದು ಮತ್ತೆ ಹತ್ತುತ್ತದೆ. ಒಂದೊಂದು ಏರೂ ಐದಾರು ಮೀಟರ್ ಮಾತ್ರ, ಆದ್ದರಿಂದ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಕ್ಷೆಯೂ ಹಿಡಿಯುವುದಿಲ್ಲ: ಎತ್ತರ ತೋರಿಸುವ ಗೆರೆಗಳನ್ನು ಸಾಮಾನ್ಯವಾಗಿ 10 ಅಥವಾ 20 ಮೀಟರಿಗೊಂದರಂತೆ ಎಳೆದಿರುತ್ತಾರೆ, ಅದಕ್ಕಿಂತ ಕುಳ್ಳಾದ ದಿಬ್ಬಗಳು ಎರಡು ಗೆರೆಗಳ ನಡುವೆ ಅಡಗಿಬಿಡುತ್ತವೆ. ಐದು ಮೀಟರಿನ ಇಪ್ಪತ್ತು ದಿಬ್ಬಗಳಿದ್ದರೆ ಒಟ್ಟು ಏರು 100 ಮೀಟರ್ ಆಯಿತು.

ಏರಿನ ಬೆಲೆ ಕಟ್ಟಲು ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಯ್‌ಸ್ಮಿತ್ 1892ರಲ್ಲಿ ಬೆಟ್ಟದ ನಡಿಗೆಗೆಂದು ಕೊಟ್ಟದ್ದು: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಇದನ್ನು ಬಿಡಿಸಿದರೆ ಒಂದು ಮೀಟರ್ ಏರು ಸುಮಾರು ಎಂಟು ಮೀಟರ್ ಸಮತಟ್ಟು ನೆಲಕ್ಕೆ ಸಮ. ಸೂತ್ರ ಹುಟ್ಟಿದ್ದು ನಡೆಯುವವರಿಗಾಗಿ, ಆದರೆ ಗುಡ್ಡದ ಓಟಕ್ಕೂ ಈ ಅನುಪಾತ ತಕ್ಕಮಟ್ಟಿಗೆ ಹೊಂದುತ್ತದೆ. ಹಾಗೆ ನೋಡಿದರೆ ನೀವು ಓಡಿದ್ದು 10 ಕಿಲೋಮೀಟರ್ ಅಲ್ಲ, 10.8. ನಿಮ್ಮ ವೇಗದಲ್ಲಿ ಸುಮಾರು ಐದು ನಿಮಿಷ ಇಲ್ಲಿಯೇ ಖರ್ಚಾಯಿತು. ಇಳಿಜಾರಿನಲ್ಲಿ ಅದು ವಾಪಸು ಸಿಗಬೇಕಲ್ಲವೇ ಎಂದರೆ, ಗಿಡ್ಡ, ಕಡಿದಾದ, ಬೇರುಗಳ ಇಳಿಜಾರಿನಲ್ಲಿ ಓಟಗಾರ ಮಾಡುವ ಕೆಲಸ ಬ್ರೇಕ್ ಹಾಕುವುದು. ಮರುದಿನ ತೊಡೆಯ ಮುಂಭಾಗ ನೋಯುವುದೂ ಅದಕ್ಕೇ.

ಇನ್ನು ನೆಲದ ಮೆತುವು. ಮೆತ್ತನೆಯ ನೆಲ ಕಾಲಿಗೆ ಹಿತ ಎಂಬ ಮಾತು ನಿಜ, ಆದರೆ ಪುಕ್ಕಟೆಯಲ್ಲ. ಗಟ್ಟಿ ರಸ್ತೆಯಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಸ್ಪ್ರಿಂಗಿನಂತೆ ಹಿಗ್ಗಿ, ಪ್ರತಿ ಹೆಜ್ಜೆಯ ಶಕ್ತಿಯಲ್ಲಿ ಒಂದು ಪಾಲನ್ನು ಹಿಂದಿರುಗಿಸುತ್ತದೆ. ಒಣ ಮರಳೋ ದಪ್ಪನೆಯ ತರಗೆಲೆಯೋ ಕಾಲಡಿಯಲ್ಲಿದ್ದರೆ ನೆಲ ಸರಿಯುತ್ತದೆ, ಆ ಶಕ್ತಿಯ ಒಂದಂಶ ಅಲ್ಲೇ ಕರಗಿಹೋಗುತ್ತದೆ. ಮರಳಿನ ಮೇಲೆ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕೆಂದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕಾಡಿನ ನೆಲ ಅಷ್ಟು ಕೆಟ್ಟದ್ದಲ್ಲ. ಆದರೆ ಸರೋವರದ ತುದಿಯಲ್ಲಿ ಮರಳುದಂಡೆಯ ಒಂದು ತುಂಡಿದ್ದರೆ ಅಲ್ಲಿ ಮೀನಖಂಡ ಬಿಗಿಯುವುದು ನಿಮ್ಮ ದೌರ್ಬಲ್ಯವೆಂದು ಭಾವಿಸಬೇಕಾಗಿಲ್ಲ. ಬರೀ ಉಬ್ಬುತಗ್ಗಿಗೂ ಬೆಲೆಯಿದೆ. ಎರಡೂವರೆ ಸೆಂಟಿಮೀಟರಿನಷ್ಟು ಏರುಪೇರಿರುವ ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳೆದಾಗ ಶಕ್ತಿಯ ಖರ್ಚು ಶೇ 5ರಷ್ಟು ಏರಿತ್ತು. ನಿಮ್ಮ ಒಂದು ಗಂಟೆಗೆ ಅದು ಮೂರು ನಿಮಿಷ. ಕಾಡಿನ ಬೇರುಗಳು ಎರಡೂವರೆ ಸೆಂಟಿಮೀಟರಿಗೆ ನಿಲ್ಲುವುದಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಗಡಿಯಾರದ ವಿಷಯ. ಜಿಪಿಎಸ್ ನಿಮ್ಮ ದಾರಿಯನ್ನು ನೋಡುತ್ತಿಲ್ಲ. ಒಂದೊಂದು ಕ್ಷಣಕ್ಕೆ ಒಂದೊಂದು ಚುಕ್ಕೆ ಇಟ್ಟು, ಚುಕ್ಕೆಗಳ ನಡುವೆ ನೇರ ಗೆರೆ ಎಳೆಯುತ್ತದೆ. ರಸ್ತೆಗೆ ಇದು ಸಾಕು. ಮರಗಳ ನಡುವೆ ಹಾವಿನಂತೆ ಹೊರಳುವ ದಾರಿಯಲ್ಲಿ ತಿರುವುಗಳು ಮೊಟಕಾಗಿ, ಓಡಿದ ದೂರ ಕಡಿಮೆಯೆಂದು ದಾಖಲಾಗುತ್ತದೆ. ಬ್ಯಾಟರಿ ಉಳಿಸಲೆಂದು ಚುಕ್ಕೆಗಳನ್ನು ವಿರಳಗೊಳಿಸಿದ್ದರಂತೂ ಕೇಳುವುದೇ ಬೇಡ. ಒದ್ದೆ ಎಲೆಗಳ ಚಪ್ಪರ ಸಂಕೇತವನ್ನು ದುರ್ಬಲಗೊಳಿಸುವುದೂ ಉಂಟು. ಅದೇ ಗಡಿಯಾರ ಬಯಲಾದ ದಂಡೆಗೆ ಬಂದೊಡನೆ ಸರಿಹೋಗುತ್ತದೆ.

ಇನ್ನೊಂದು ಕಾರಣ ಕಣ್ಣು. ಇದನ್ನು ಅನೇಕರು ಗಮನಿಸುವುದಿಲ್ಲ. ನೀರಿನಿಂದ ಪ್ರತಿಫಲಿಸುವ ಬಿಸಿಲಿನಿಂದ ಒಮ್ಮೆಲೇ ಮರಗಳ ನೆರಳಿಗೆ ನುಗ್ಗಿದಾಗ ಕಣ್ಣಿನ ಪಾಪೆ ಬೇಗ ಹಿಗ್ಗಿದರೂ ಅಕ್ಷಿಪಟಲ ಕತ್ತಲಿಗೆ ಹೊಂದಿಕೊಳ್ಳಲು ನಿಮಿಷಗಳೇ ಬೇಕು. ನೆರಳು ಬಿಸಿಲು ಚದುರಿಬಿದ್ದ ಜಾಗದಲ್ಲಿ ಬೇರು ಯಾವುದು, ಬೇರಿನ ನೆರಳು ಯಾವುದು ತಿಳಿಯುವುದಿಲ್ಲ. ದೇಹ ತಾನಾಗಿಯೇ ಹೆಜ್ಜೆ ಗಿಡ್ಡ ಮಾಡುತ್ತದೆ. ಅದು ವಿವೇಕ. ವೇಗದ ಹಟದಿಂದ ಅದನ್ನು ಮೀರಹೊರಟವರು ಪಾದದ ಕೀಲು ಉಳುಕಿಸಿಕೊಂಡು ಮನೆ ಸೇರುತ್ತಾರೆ.

ಹಾಗಾದರೆ ಮಾಡಬೇಕಾದ್ದೇನು? ಕಿಲೋಮೀಟರ್ ಎಣಿಸುವುದನ್ನು ಕಾಡಿನ ಅಂಚಿನಲ್ಲೇ ಬಿಟ್ಟು ನಿಮಿಷ ಎಣಿಸಿ. ರಸ್ತೆಯ ಒಂದು ಗಂಟೆಗೆ ಕಾಡಿನ ಒಂದು ಗಂಟೆಯೇ ಸಮ, ದೂರ ಎಷ್ಟಾದರೂ ಆಗಲಿ. ಇದು ಸೋತವರ ಸಮಾಧಾನವೆಂದು ಅನ್ನಿಸಿದರೆ ಸ್ವೀಡನ್ನಿನ ಕಡೆ ನೋಡಿ. 1930ರ ದಶಕದಲ್ಲಿ ಅಲ್ಲಿನ ತರಬೇತುದಾರ ಗೋಸ್ಟಾ ಹೋಲ್ಮರ್ ರೂಪಿಸಿದ ಫಾರ್ಟ್‌ಲೆಕ್ ಅಭ್ಯಾಸದಲ್ಲಿ, ಕಾಡುದಾರಿಯ ಏರಿಳಿತಗಳೇ ಯಾವಾಗ ಬಿರುಸಾಗಬೇಕು, ಯಾವಾಗ ನಿಧಾನಿಸಬೇಕು ಎಂಬುದನ್ನು ಹೇಳುತ್ತಿದ್ದವು. ವೊಲಾಡಾಲೆನ್‌ನ ಕಾಡುಗಳಲ್ಲಿ ಅಭ್ಯಾಸ ಮಾಡಿದ ಸ್ವೀಡನ್ನಿನ ಓಟಗಾರ ಗುಂಡರ್ ಹೆಗ್ 1945ರಲ್ಲಿ ಒಂದು ಮೈಲಿಯನ್ನು 4 ನಿಮಿಷ 1.4 ಸೆಕೆಂಡಿನಲ್ಲಿ ಓಡಿದರು. ಆ ವಿಶ್ವದಾಖಲೆ 1954ರವರೆಗೆ ಉಳಿಯಿತು. ಕಾಡಿನಲ್ಲಿ ನಿಧಾನವಾಗುವುದಕ್ಕೂ ಓಟಗಾರ ನಿಧಾನವಾಗುವುದಕ್ಕೂ ಸಂಬಂಧವಿಲ್ಲ.

ದಾರಿಯ ಆಯ್ಕೆಯಲ್ಲಿ ನನ್ನ ಮೊದಲ ಸಲಹೆ: ಸಣ್ಣ ಸರೋವರವನ್ನು ಹಿಡಿಯಿರಿ. ಸರೋವರ ಸುತ್ತುವ ದಾರಿಗೆ ಒಂದು ವಿಚಿತ್ರ ಗುಣವಿದೆ. ಅರ್ಧ ಸುತ್ತು ಮುಗಿದ ಮೇಲೆ ಮುಂದಕ್ಕೂ ಹಿಂದಕ್ಕೂ ಅಷ್ಟೇ ದೂರ, ನಡುವೆ ನೀರು. ಹೊರಟ ಜಾಗ ಎದುರಿಗೇ ಕಾಣುತ್ತಿರುತ್ತದೆ, ತಲುಪಲು ಅಡ್ಡದಾರಿ ಇಲ್ಲ. ಸ್ಲೊವೇನಿಯಾದ ಬ್ಲೆಡ್ ಸರೋವರದ ಸುತ್ತು ಸುಮಾರು 6 ಕಿಲೋಮೀಟರ್. ಓಸ್ಲೋ ನಗರದ ಅಂಚಿನ ಸೊನ್ಸ್‌ವಾನ್ ಸುತ್ತು 3.3. ಹೊಸಬರಿಗೆ ಅಂಥ ಅಳತೆ ಹೇಳಿ ಮಾಡಿಸಿದ್ದು. ಎರಡು ಸುತ್ತು ಓಡಬಹುದು, ಬೇಸರವಾದರೆ ಒಂದಕ್ಕೇ ನಿಲ್ಲಿಸಬಹುದು. ದೊಡ್ಡ ಸರೋವರವಾದರೆ ಸುತ್ತುವ ಆಸೆ ಬಿಟ್ಟು, ಗೊತ್ತುಮಾಡಿಕೊಂಡ ನಿಮಿಷದಷ್ಟು ಹೋಗಿ ಅದೇ ದಾರಿಯಲ್ಲಿ ಹಿಂದಿರುಗಿ.

ಯಾವ ದಿಕ್ಕಿಗೆ ಸುತ್ತಬೇಕೆಂಬುದೂ ಯೋಚಿಸುವ ಮಾತೇ. ಸಾಮಾನ್ಯವಾಗಿ ಒಂದು ದಂಡೆ ಹಸನಾಗಿಯೂ ಇನ್ನೊಂದು ಬೇರು ಬಂಡೆಗಳಿಂದಲೂ ಕೂಡಿರುತ್ತದೆ. ಒರಟು ದಂಡೆಯನ್ನು ಮೊದಲು ಮುಗಿಸಿ. ದಣಿದ ಓಟಗಾರ ಕಾಲನ್ನು ಸಾಕಷ್ಟು ಎತ್ತುವುದಿಲ್ಲ, ಎಡವುವುದು ಬಹುಮಟ್ಟಿಗೆ ಕೊನೆಯ ಭಾಗದಲ್ಲಿ. ಬಿಸಿಲೇರಿದ ಮೇಲೆ ಗಾಳಿ ನೀರಿನಿಂದ ದಂಡೆಯ ಕಡೆಗೆ ಬೀಸುತ್ತದೆ, ಆದ್ದರಿಂದ ಸೆಕೆಯ ದಿನ ನೀರಿಗೆ ಹತ್ತಿರದ ದಾರಿ ತಂಪು. ಚಳಿಗಾಲದ ಮುಂಜಾನೆ ಮಾತ್ರ ಸುತ್ತಲಿನ ಇಳಿಜಾರುಗಳ ತಣ್ಣನೆಯ ಗಾಳಿ ತಗ್ಗಿಗೆ ಬಂದು ನಿಂತಿರುತ್ತದೆ. ದಂಡೆಗಿಂತ ಸ್ವಲ್ಪ ಮೇಲಿನ ಕಾಡುದಾರಿ ಬೆಚ್ಚಗಿರುತ್ತದೆ.

ಶೂಗಳ ಬಗ್ಗೆ ಜನ ಬೇಕಾದ್ದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳುತ್ತಾರೆ. ಒಣ ದಾರಿಗೆ ರಸ್ತೆಯ ಶೂ ನಡೆಯುತ್ತದೆ, ಕೆಸರಿಗೆ ಹಲ್ಲಿರುವ ಅಟ್ಟೆ ಬೇಕು. ಜೌಗಿನ ಮೇಲೆ ಹಾಸಿದ ಮರದ ಹಲಗೆ ಒದ್ದೆಯಾಗಿದ್ದರೆ ಯಾವ ಶೂ ಇದ್ದರೂ ನಡೆದೇ ದಾಟಬೇಕು.

ನಾರ್ವೆ, ಸ್ವೀಡನ್, ಫಿನ್‌ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಕೃಷಿಯಿಲ್ಲದ ಕಾಡು, ದಂಡೆಗಳಲ್ಲಿ ಯಾರು ಬೇಕಾದರೂ ಓಡಾಡುವ ಹಕ್ಕಿದೆ. ಬಹಳಷ್ಟು ಕಡೆ ಅದಿಲ್ಲ. ಹಕ್ಕಿಗಳು ಗೂಡುಕಟ್ಟುವ ಕಾಲದಲ್ಲಿ ಕೆಲವು ದಂಡೆಗಳನ್ನು ಮುಚ್ಚುತ್ತಾರೆ. ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಪಾಚಿ ಕಂಡರೆ ಮುಖ ತೊಳೆಯಲೂ ಇಳಿಯಬೇಡಿ, ಅದರಲ್ಲಿ ಕೆಲವು ಬಗೆಗಳು ವಿಷಕಾರಿ. ಹುಲ್ಲು ತಾಗುವ ದಾರಿಯಲ್ಲಿ ಓಡಿದ್ದರೆ ಮನೆಗೆ ಬಂದೊಡನೆ ಮಂಡಿಯ ಹಿಂಭಾಗ, ತೊಡೆಸಂದು, ಸೊಂಟದ ಸುತ್ತ ರಕ್ತ ಹೀರುವ ಉಣ್ಣೆಹುಳು ಕಚ್ಚಿದೆಯೇ ಎಂದು ನೋಡಿ. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆಳೆಯಿರಿ. ಹಿಸುಕುವುದು, ಎಣ್ಣೆ ಸುರಿಯುವುದು, ಸುಡುವುದು ಯಾವುದೂ ಬೇಡ.